ತೆರೆದ ಗೇಟು

ಕಣಿವೆಪೇಟೆಯಿಂದ ಮುದ್ದೋಬನಹಳ್ಳಿಯ ಗುಡ್ಡದವರೆಗಿನ ಹಳೆಯ ರೈಲುದಾರಿ ಈಗ ನಡೆಯುವವರ ದಾರಿಯಾಗಿದೆ. ಕಂಬಿ ಕಿತ್ತ ಜಾಗಕ್ಕೆ ಕೆಮ್ಮಣ್ಣು ಹಾಸಿ, ಅಲ್ಲಲ್ಲಿ ಸಿಮೆಂಟಿನ ಬೆಂಚು ಇಟ್ಟಿದ್ದಾರೆ. ಬೆಳಿಗ್ಗೆ ಪೇಟೆಯ ಸಕ್ಕರೆ ಕಾಯಿಲೆಯವರು ಕೈಬೀಸಿಕೊಂಡು ನಡೆಯುತ್ತಾರೆ, ಭಾನುವಾರ ಸೈಕಲ್ಲಿನವರು ಬರುತ್ತಾರೆ. ಎರಡೂವರೆ ಮೈಲಿ ನಡೆದರೆ ನಮ್ಮೂರು ಮುದ್ದೋಬನಹಳ್ಳಿಯಿಂದ ಪೇಟೆಗೆ ಹೋಗುವ ಗಾಡಿದಾರಿ ಅಡ್ಡ ಬರುತ್ತದೆ. ಅಲ್ಲೊಂದು ಮುದಿ ಹುಣಸೆಮರ, ಸೂರಿಲ್ಲದ ಕಲ್ಲುಮನೆ, ಆಚೆ ಒಂದು ಈಚೆ ಒಂದು ಕಬ್ಬಿಣದ ಗೇಟು. ಎರಡೂ ಹಾರುಹೊಡೆದು ತೆರೆದುಕೊಂಡು, ಬುಡಕ್ಕೆ ಗುಂಡುಕಲ್ಲು ಒತ್ತಿಸಿಕೊಂಡು ನಿಂತಿವೆ. ಹಲಗೆಯ ಮೇಲೆ 'ವಿಶ್ರಾಂತಿ ತಾಣ' ಎಂದು ಬರೆಸಿದ್ದಾರೆ. ಬರೆಸಿದವರು ಬರೆಸಲಿ, ನಮ್ಮ ಸೀಮೆಯಲ್ಲಿ ಆ ಜಾಗದ ಹೆಸರು ತೆರೆದ ಗೇಟು. ಮೋಟಾರುಬೈಕು ನುಗ್ಗದಂತೆ ಅದನ್ನು ಮುಚ್ಚಿ ಬೀಗ ಹಾಕುತ್ತೇನೆಂದು ಗುತ್ತಿಗೆದಾರ ಹೊರಟಾಗ ಊರಿನ ಮುದುಕರು ಅಡ್ಡ ಕೂತರು. "ಬೇಕಾದ್ರೆ ಕಿತ್ತು ಗುಜರಿಗೆ ಹಾಕು. ಮುಚ್ಚಬ್ಯಾಡ" ಎಂದರು. ಅದಕ್ಕೆ ಕಾರಣವಿದೆ.

ಹಿಂದೆ ಒಮ್ಮೆ, ಗುಡ್ಡದಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ, ಈ ದಾರಿಯಲ್ಲಿ ದಿನಕ್ಕೊಂದು ರೈಲು ಮಧ್ಯಾಹ್ನ ಇಳಿಯುತ್ತಿತ್ತು. ಗೇಟು ಕಾಯುತ್ತಿದ್ದವನು ಓಬಳಪ್ಪ. ಅವನಿಗೆ ಗಡಿಯಾರವಿರಲಿಲ್ಲ. ಹುಣಸೆಮರದ ನೆರಳು ಕಲ್ಲುಮನೆಯ ಹೊಸ್ತಿಲು ಮುಟ್ಟಿದರೆ ಗೇಟು ಮುಚ್ಚಬೇಕು, ರೈಲು ದಾಟಿದ ಮೇಲೆ ತೆಗೆಯಬೇಕು. ರೈಲೋ, ಒಮ್ಮೊಮ್ಮೆ ಗಂಟೆಗಟ್ಟಲೆ ತಡ. ಎರಡು ಪಕ್ಕವೂ ಆಳದ ಚರಂಡಿ ಇದ್ದುದರಿಂದ ಗಾಡಿ ಸುತ್ತಿ ಹೋಗುವಂತಿಲ್ಲ. ಕಾದು ಬೇಸತ್ತ ಗಾಡಿಯವನೊಬ್ಬ ಒಂದು ದಿನ "ಇವತ್ತು ರೈಲು ಬರಾಕಿಲ್ವಂತೆ, ತಗಿಯಣ್ಣ" ಎಂದು ಸುಳ್ಳು ಹೇಳಿದ. ಓಬಳಪ್ಪ ನಂಬಿ ತೆಗೆದ. ಗಾಡಿ ಕಂಬಿಯ ಮೇಲಿದ್ದಾಗ ರೈಲು ಬಂತು. ಎತ್ತುಗಳನ್ನು ಆಚೆ ನೂಕಲು ಓಡಿದವನು ಎತ್ತು ಉಳಿಸಿ ತಾನು ಹೋದ ಎನ್ನುತ್ತಾರೆ.

ಅವನ ಕೆಲಸ ಹೆಂಡತಿ ಸಣ್ಣೀರಮ್ಮನಿಗೆ ಬಂತು. ಬೀಗದ ಕೈ ಸೆರಗಿಗೆ ಗಂಟು ಹಾಕಿಕೊಂಡವಳು, ಬ್ರಹ್ಮ ಬಂದು ಕೇಳಿದರೂ ರೈಲು ದಾಟದೆ ಗಂಟು ಬಿಚ್ಚುತ್ತಿರಲಿಲ್ಲ. ಅಂಥ ಸಾವಾದ ಮೇಲಾದರೂ ಜನ ಆ ಮಾತು ಬಿಡಬೇಕಿತ್ತು, ಬಿಡಲಿಲ್ಲ. ಕಾಯುವ ಬೇಸರಕ್ಕೆ ಅದೊಂದು ತಮಾಷೆಯಾಯಿತು. ಗೇಟಿಗೆ ಬಂದವರೆಲ್ಲ "ಇವತ್ತು ರೈಲು ಬರಾಕಿಲ್ವಂತೆ ಕಣವ್ವ" ಎನ್ನುವರು, ಅವಳು ಮುಖ ತಿರುಗಿಸುವಳು, ಇವರು ನಗುವರು. ನಗುತ್ತಿದ್ದವರಲ್ಲಿ ನನ್ನ ತಾತ ಬೋರಯ್ಯನೂ ಒಬ್ಬ. ಬರೆಯಲು ನಾಚಿಕೆಯಾಗುತ್ತದೆ.

ಅದಿರು ಮುಗಿಯಿತು. ನಾಳೆಯಿಂದ ರೈಲಿಲ್ಲವೆಂದು ಒಂದು ಸಂಜೆ ಊರಿನಲ್ಲಿ ಡಂಗುರ ಹೊಡೆಸಿದರು. ಎರಡು ಮೈಲಿ ದೂರದ ಗೇಟಿಗೆ ತಮಟೆಯ ಸದ್ದು ಮುಟ್ಟಲಿಲ್ಲ, ಗಣಿಯವರೂ ಆಳು ಕಳಿಸಲಿಲ್ಲ. ಮಾರನೆಯ ಬೆಳಿಗ್ಗೆ ನನ್ನ ತಾತ ಶೇಂಗಾ ಹೇರಿಕೊಂಡು ಆ ಗೇಟು ದಾಟಿದ. ಸಣ್ಣೀರಮ್ಮ ಕೊಟ್ಟ ನೀರು ಕುಡಿದ, ಮಳೆ ಬೆಳೆ ಮಾತಾಡಿದ, ಹೋದ. "ರೈಲಿನವಳಿಗೇ ರೈಲಿನ ಸುದ್ದಿ ಹೇಳಾದಾ? ನನಗಿಂತ ಮುಂಚೆ ಗೊತ್ತಿರ್ತದೆ ಅಂದ್ಕೊಂಡೆ" ಎಂದು ಆಮೇಲೆ ಬದುಕಿರುವ ತನಕ ಹಲುಬಿದ. ಆ ಬೆಳಿಗ್ಗೆ ದಾಟಿದವರೆಲ್ಲ ಹಾಗೇ ಅಂದುಕೊಂಡಿದ್ದರು.

ಅದೇ ಮಧ್ಯಾಹ್ನ ನಮ್ಮೂರಿನ ಪಾಲಯ್ಯ, ಹೆರಿಗೆ ಕಷ್ಟವಾಗಿದ್ದ ಹೆಂಡತಿ ಪಾಪಮ್ಮನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಪೇಟೆಯ ಆಸ್ಪತ್ರೆಗೆ ಹೊರಟ. ಸೂಲಗಿತ್ತಿ ತನ್ನ ಕೈಲಾಗದೆಂದು ಹೇಳಿಬಿಟ್ಟಿದ್ದಳು. ಗೇಟಿಗೆ ಬರುವ ಹೊತ್ತಿಗೆ ನೆರಳು ಹೊಸ್ತಿಲು ಮುಟ್ಟಿತ್ತು, ಬೀಗ ಬಿದ್ದಿತ್ತು.

"ರೈಲು ನಿಂತೋತು ಕಣವ್ವ, ಇನ್ನ ಯಾವತ್ತೂ ಬರಾಕಿಲ್ಲ. ನಿನ್ ಕಾಲಿಗೆ ಬೀಳ್ತೀನಿ, ತಗಿ."

"ನನ್ ಗಂಡನಿಗೂ ಹಿಂಗೇ ಹೇಳಿದ್ರಪ್ಪ. ಗಾಡಿ ಕಂಬಿ ಮ್ಯಾಲಿದ್ದಾಗ ಬಂದ್ರೆ ಇವಳ ಗತಿ ಏನು? ಚೂರು ತಾಳು, ಬರೋ ಹೊತ್ತಾತು."

ಕಲ್ಲುಮನಸ್ಸಿನವಳಲ್ಲ ಅವಳು. ಗೇಟಿನ ಕೆಳಗೆ ನುಸುಳಿ ಬಂದು ಪಾಪಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು, ಬಾಯಿಗೆ ನೀರು ಬಿಟ್ಟಳು. ಕಣ್ಣು ಮಾತ್ರ ಕಂಬಿಯ ಮೇಲೆಯೇ ಇತ್ತು. ನೆರಳು ಹೊಸ್ತಿಲು ದಾಟಿತು, ಗೋಡೆ ಹತ್ತಿತು. ಕೊನೆಗೆ ಪಾಲಯ್ಯ ಹೆಂಡತಿಯನ್ನು ಕಂಬಳಿಯಲ್ಲಿ ಎತ್ತಿ ಹೆಗಲಿಗೆ ಹಾಕಿಕೊಂಡು, ಗೇಟು ನುಸುಳಿ, ಪೇಟೆಯ ಕಡೆ ಓಡಿದ. ಅರ್ಧ ದಾರಿಯಲ್ಲಿ ತಾಯಿಯೂ ಹೊಟ್ಟೆಯೊಳಗಿನ ಕೂಸೂ ತೀರಿಕೊಂಡರು.

ಹೊತ್ತು ಮುಳುಗುವಾಗ ಅವನು ಹೆಣ ಹೊತ್ತು ಅದೇ ದಾರಿಯಲ್ಲಿ ತಿರುಗಿ ಬಂದ. ಸಣ್ಣೀರಮ್ಮ ಮುಚ್ಚಿದ ಗೇಟಿನ ಮುಂದೆ ಹಸಿರು ಬಾವುಟ ಹಿಡಿದು ಇನ್ನೂ ನಿಂತಿದ್ದಳು. ಪಾಲಯ್ಯ ಬೈಯಲಿಲ್ಲ. "ಇನ್ನೂ ಬರ್ಲಿಲ್ವೇನವ್ವ?" ಎಂದು ಕೇಳಿದ, ಅಷ್ಟೆ. ಅವಳು ಸೆರಗಿನ ಗಂಟು ಬಿಚ್ಚಿದಳು. ಎರಡೂ ಗೇಟು ತೆರೆದು, ಗುಂಡುಕಲ್ಲುಗಳನ್ನು ತಾನೇ ಉರುಳಿಸಿ ತಂದು ಒತ್ತಿಟ್ಟಳು. ಆಮೇಲೆ ಅವು ಮುಚ್ಚಲಿಲ್ಲ.

ಕಂಬಿ ಕಿತ್ತು ಒಯ್ದ ಮೇಲೂ ಅವಳು ಅಲ್ಲೇ ಇದ್ದಳು. ನೆರಳು ಹೊಸ್ತಿಲಿಗೆ ಬಂದಾಗ ಎದ್ದು ನಿಂತು, ದಾಟುವವರನ್ನೆಲ್ಲ "ಇವತ್ತು ರೈಲು ಐತೇನಪ್ಪ?" ಎಂದು ಕೇಳುತ್ತಿದ್ದಳಂತೆ. ನಮ್ಮ ಜನ ತಲೆ ತಗ್ಗಿಸಿ, "ಇಲ್ಲ ಕಣವ್ವ, ಬರಾಕಿಲ್ಲ" ಎನ್ನುತ್ತಿದ್ದರು. ಅವಳು ಹೋಗಿ ಎಷ್ಟೋ ವರ್ಷವಾಯಿತು. ಆದರೂ ಮುದ್ದೋಬನಹಳ್ಳಿಯವರು ಆ ಗೇಟು ದಾಟುವಾಗ ಒಂದು ಗಳಿಗೆ ನಿಂತು, "ರೈಲು ಬರಾಕಿಲ್ಲ ಕಣವ್ವ" ಎಂದು ಹೇಳಿಯೇ ಮುಂದೆ ಹೋಗುವುದನ್ನು ಈಗಲೂ ನೋಡಬಹುದು. ನನ್ನ ತಾತ ಕಾಲು ಬೀಳುವ ತನಕ ದಿನಾ ಕೋಲೂರಿಕೊಂಡು ಹೋಗಿ ಹೇಳಿ ಬರುತ್ತಿದ್ದ.

ಹೋದ ಭಾನುವಾರ ನಾನು ಹೇಳುವುದನ್ನು ಕೇಳಿಸಿಕೊಂಡ ಸೈಕಲ್ಲಿನ ಹುಡುಗಿಯೊಬ್ಬಳು ನಕ್ಕಳು. "ಇಲ್ಲಿ ಕಂಬಿನೇ ಇಲ್ವಲ್ಲ ಸಾರ್, ಯಾರಿಗೆ ಹೇಳ್ತಿದೀರಾ?" ಎಂದಳು.

"ನಮ್ಮ ತಾತ ಒಂದು ಬೆಳಿಗ್ಗೆ ಹೇಳದೆ ಹೋಗಿದ್ದನಮ್ಮ" ಎಂದೆ.