ಪಟ್ಟಿಯಲ್ಲಿಲ್ಲದ ಮುಖ

ನದಿಯ ದಡದಲ್ಲಿ ಕೇತಯ್ಯ ಎಂಬ ಗುರುಗಳ ಆಶ್ರಮವಿತ್ತು. ಪಿಂಗಾಣಿ ತಟ್ಟೆಗಳ ಮೇಲೆ ಮುಖಚಿತ್ರ ಬರೆಯುವ ವಿದ್ಯೆಯನ್ನು ಅವರು ಅಲ್ಲಿ ಕಲಿಸುತ್ತಿದ್ದರು.

ಒಮ್ಮೆ ಚಕ್ರವರ್ತಿಯಿಂದ ಓಲೆ ಬಂತು. ಅವನಿಗೆ ತನ್ನ ಬಂಧುಗಳ ಚಿತ್ರಗಳು ಬೇಕಿದ್ದವು. ಓಲೆಯ ಕೊನೆಗೆ ಎಂಟು ಹೆಸರುಗಳ ಪಟ್ಟಿಯಿತ್ತು.

ಗುರುಗಳು ಆ ಕೆಲಸವನ್ನು ಶಿಷ್ಯೆ ಚಂದವ್ವೆಗೆ ಒಪ್ಪಿಸಿದರು. ಅವಳು ಹನ್ನೆರಡು ವರ್ಷ ಅವರ ಬಳಿ ಕಲಿತವಳು.

ಚಂದವ್ವೆ ಅರಮನೆಗೆ ಹೋದಳು. ಚಕ್ರವರ್ತಿಯ ಚಿಕ್ಕಪ್ಪ ಬಂದು ಕೂತರು, ಸೋದರತ್ತೆ ಕೂತರು, ಅಕ್ಕಂದಿರು ಕೂತರು. ಕೊನೆಗೆ ರಾಜಮಾತೆ ಬಂದರು. ಬಂದವರೇ ಸೇವಕಿಯರನ್ನು ಹೊರಗೆ ಕಳಿಸಿದರು.

"ನನಗೆ ಇಬ್ಬರು ಗಂಡುಮಕ್ಕಳು ಕಣವ್ವ. ದೊಡ್ಡವನು ಸಿಂಹಾಸನದ ಮೇಲಿದ್ದಾನೆ. ಚಿಕ್ಕವನು ಮಲ್ಲಿದೇವ, ಕೋಟೆಯ ಸೆರೆಯಲ್ಲಿದ್ದಾನೆ. ಅಣ್ಣನ ಮೇಲೆ ಕತ್ತಿ ಎತ್ತಿದ. ತಪ್ಪು ಮಾಡಿಲ್ಲ ಅನ್ನುವುದಿಲ್ಲ. ಆದರೆ ಅವನ ಮುಖ ನೋಡಿ ಒಂಬತ್ತು ವರ್ಷವಾಯಿತು. ಬರೆದುಕೊಡುತ್ತೀಯಾ?"

"ನಾನು ಅವರನ್ನು ಕಂಡೇ ಇಲ್ಲವಲ್ಲ, ತಾಯಿ."

"ನಾನು ಹೇಳುತ್ತಾ ಹೋಗುತ್ತೇನೆ. ನೀನು ಬರಿ."

ಕಿವಿ ಅವರಪ್ಪನದು ಎಂದರು. ನಗುವಾಗ ಬಲಗೆನ್ನೆ ಮಾತ್ರ ಉಬ್ಬುತ್ತದೆ ಎಂದರು. ಚಂದವ್ವೆ ಕಾಗದದ ಮೇಲೆ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮೂರನೆಯ ದಿನ ರಾಜಮಾತೆ ಕಾಗದದ ಕೆನ್ನೆಯನ್ನು ಸವರಿ, "ಬಂದ" ಎಂದರು.

ಚಂದವ್ವೆ ಆಶ್ರಮಕ್ಕೆ ಮರಳಿದಳು. ಅವಳಿಗೆ ಅನ್ನ ಸೇರಲಿಲ್ಲ.

"ಗುರುಗಳೇ, ಮಲ್ಲಿದೇವರ ಹೆಸರು ಪಟ್ಟಿಯಲ್ಲಿಲ್ಲ. ತಟ್ಟೆಯ ಮೇಲೆ ಬರೆದರೆ ಚಕ್ರವರ್ತಿ ನನ್ನ ತಲೆ ತೆಗೆಸಿಯಾನು. ಬರೆಯದಿದ್ದರೆ ಆ ತಾಯಿಗೆ ಹೇಗೆ ಮುಖ ತೋರಿಸಲಿ?"

"ಓಲೆಯ ಮೊದಲ ಸಾಲು ಓದು."

"'ನನ್ನ ಬಂಧುಗಳ ಚಿತ್ರ ಬರೆದು ಕಳಿಸಿರಿ' ಎಂದಿದೆ."

ಗುರುಗಳು ಎದ್ದು ಒಳಗೆ ಹೋದರು. ಒಂದು ಖಾಲಿ ತಟ್ಟೆ ತಂದರು. ಹೊದ್ದ ಬಟ್ಟೆಯ ತುದಿಯಿಂದ ಅದನ್ನು ಒರೆಸಿ ಅವಳ ಮಡಿಲಲ್ಲಿಟ್ಟು, ಸ್ನಾನಕ್ಕೆಂದು ನದಿಗೆ ಇಳಿದರು.

ಒಂಬತ್ತು ತಟ್ಟೆಗಳೂ ಆವಿಗೆಯಲ್ಲಿ ಬೆಂದು ಸಿದ್ಧವಾದವು. ಗುರುಗಳೂ ಶಿಷ್ಯೆಯೂ ಅವನ್ನು ಅರಮನೆಗೆ ಒಯ್ದು ಸಾಲಾಗಿ ಇಟ್ಟರು. ರಾಜಮಾತೆಯೂ ಅಲ್ಲಿದ್ದರು.

ಚಕ್ರವರ್ತಿ ಒಂದೊಂದನ್ನೇ ನೋಡುತ್ತಾ ಬಂದ. ತಾಯಿಯ ಚಿತ್ರದ ಮುಂದೆ ಮುಗುಳ್ನಕ್ಕ. ಒಂಬತ್ತನೆಯದರ ಮುಂದೆ ನಿಂತುಬಿಟ್ಟ.

"ಇದನ್ನು ಬರೆದವರು ಯಾರು?"

ಚಂದವ್ವೆ ಬಾಯಿ ತೆರೆಯುವ ಮೊದಲೇ ಗುರುಗಳು ಮುಂದೆ ಬಂದಿದ್ದರು.

"ನಾನು, ಪ್ರಭು."

ಮುಪ್ಪಿನಿಂದ ಅವರ ಕೈಗಳು ನಡುಗುತ್ತಿದ್ದವು. ಚಕ್ರವರ್ತಿ ಅದನ್ನು ನೋಡಿದ.

"ಈ ಕೈಯಲ್ಲಿ ರೆಪ್ಪೆಯ ಒಂದೊಂದು ಕೂದಲನ್ನೂ ಬಿಡಿಸಿದಿರಾ?"

ಚಂದವ್ವೆ ಗುರುಗಳ ಪಕ್ಕಕ್ಕೆ ಬಂದು ನಿಂತಳು.

"ಬರೆದವಳು ನಾನು. ಶಿಕ್ಷೆ ನನಗಾಗಲಿ."

ಚಕ್ರವರ್ತಿ ಮತ್ತೆ ತಟ್ಟೆಯ ಕಡೆ ತಿರುಗಿದ. ಚಿತ್ರದ ಹುಬ್ಬಿನ ಮೇಲೆ ಬೆರಳಿಟ್ಟ.

"ಎಡಹುಬ್ಬಿನ ಕೂದಲೊಳಗೆ ಒಂದು ಗಾಯದ ಗುರುತಿರಬೇಕು" ಎಂದ. "ಚಿಕ್ಕವರಿದ್ದಾಗ ನಾನು ಕಲ್ಲು ಬೀಸಿದ್ದೆ. ನನಗೆ ಏಟು ಬೀಳುತ್ತದೆಂದು ಅವನು ಅಮ್ಮನಿಗೆ ಹೇಳಲೇ ಇಲ್ಲ. ವಾರವೆಲ್ಲ ರುಮಾಲನ್ನು ಹುಬ್ಬಿನವರೆಗೆ ಎಳೆದುಕೊಂಡು ಓಡಾಡಿದ."

ರಾಜಮಾತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಆ ಗುರುತನ್ನು ಈಗ ಸೇರಿಸಬಹುದೇ?"

"ಸೇರಿಸಬಹುದು, ಪ್ರಭು. ಬಣ್ಣ ಹಚ್ಚಿ ಇನ್ನೊಮ್ಮೆ ಸುಡಬೇಕು" ಎಂದಳು ಚಂದವ್ವೆ. "ಗಾಯ ಎಷ್ಟುದ್ದವಿತ್ತು?"

ಚಕ್ರವರ್ತಿ ಬೆರಳುಗಳಿಂದ ಅಳತೆ ತೋರಿಸಲು ಹೋದ. ತೋರಿಸಲಾಗಲಿಲ್ಲ.

"ಮರೆತಿದ್ದೇನೆ" ಎಂದ. ದಳವಾಯಿಯನ್ನು ಕರೆದ. "ಕೋಟೆಗೆ ಹೋಗಿ ನನ್ನ ತಮ್ಮನನ್ನು ಕರೆದುಕೊಂಡು ಬನ್ನಿ. ಈಕೆ ನೋಡಿ ಬರೆಯಲಿ."

ಮಲ್ಲಿದೇವ ಬಂದ. ತಲೆ ನರೆತಿತ್ತು. ಚಂದವ್ವೆ ಹುಬ್ಬನ್ನು ನೋಡಿ ಬರೆಯುವಷ್ಟು ಹೊತ್ತೂ ರಾಜಮಾತೆ ಅವನ ಕೈ ಹಿಡಿದು ಕೂತಿದ್ದರು. ಚಕ್ರವರ್ತಿ ಬಾಗಿಲಲ್ಲಿ ನಿಂತಿದ್ದ. ಆಮೇಲೆ ಒಳಗೆ ಬಂದು ತಮ್ಮನ ಪಕ್ಕದಲ್ಲಿ ಕೂತ.

ಮಲ್ಲಿದೇವನನ್ನು ಮತ್ತೆ ಕೋಟೆಗೆ ಕಳಿಸಲಿಲ್ಲ.

ಹಿಂದಿರುಗುವಾಗ, ದೋಣಿಯಲ್ಲಿ, ಚಂದವ್ವೆ ಗುರುಗಳ ಕಾಲು ಮುಟ್ಟಿದಳು.

"ನನ್ನ ತಲೆ ಉಳಿಸಲು ನಿಮ್ಮ ತಲೆ ಒಡ್ಡಿದಿರಿ. ಈ ಉಪಕಾರವನ್ನು ಹೇಗೆ ಮರೆಯಲಿ?"

"ನಿನ್ನನ್ನು ಉಳಿಸಲು ಮುಂದೆ ಬಂದೆ ಅಂದುಕೊಂಡೆಯಾ?"

"ಮತ್ತೇಕೆ ಬಂದಿರಿ, ಗುರುಗಳೇ?"

"ಆ ಮುಖ ನೋಡಿದೆ. ಇದು ನಾನು ಬರೆದದ್ದು ಎಂದು ಬದುಕಿನಲ್ಲಿ ಒಮ್ಮೆಯಾದರೂ ಹೇಳಬೇಕು ಅನ್ನಿಸಿತು. ಅಂಥ ಮುಖ ಬರೆದೆಯಲ್ಲ ತಾಯಿ, ನಿನಗಲ್ಲದೆ ನಾನು ಯಾರಿಗೆ ಕೈಮುಗಿಯಲಿ?"