ತುಕ್ಕಿಗೆ ಹೆದರಿದ ಮಡಚುಚಾಕು

ಇದು ನಡೆದದ್ದು ಒಂದು ಭಾನುವಾರ ಬೆಳಿಗ್ಗೆ. ಹಳೆಯ ಜೇಬುಚಾಕುಗಳನ್ನು ಸಂಗ್ರಹಿಸುವ ಕಾವೇರಪ್ಪನವರು ಗುಜರಿಯಿಂದ ತಂದ ಚೀಲವನ್ನು ಮೇಜಿನ ಮೇಲೆ ಸುರಿದು, ತಿಂಡಿಗೆಂದು ಒಳಗೆ ಹೋಗಿದ್ದರು. ಚೀಲದಿಂದ ಬಿದ್ದ ಒಂದು ಮಡಚುಚಾಕು ಮೇಜಿನ ಮೇಲಿದ್ದ ತರಿತರಿ ಮೈಯ ಉಪ್ಪುಕಾಗದವನ್ನು ಕರೆಯಿತು.

"ಉಪ್ಪುಕಾಗದಣ್ಣ, ಅವರು ಬರುವಷ್ಟರಲ್ಲಿ ನನ್ನ ತುಕ್ಕು ಉಜ್ಜಿಬಿಡು. ಈ ಮುಖ ನೋಡಿದರೆ ಮತ್ತೆ ಗುಜರಿಗೆ ಎಸೆಯುತ್ತಾರೆ."

"ಉಜ್ಜುವುದಕ್ಕೇ ಹುಟ್ಟಿದವನು ನಾನು" ಎಂದು ಉಪ್ಪುಕಾಗದ ಕೆಲಸ ಶುರುಮಾಡಿತು.

ಪಕ್ಕದಲ್ಲಿದ್ದ ಭೂತಗನ್ನಡಿ ತಡೆಯಿತು. "ದುಡುಕಬೇಡ, ತಂಗಿ. ತುಕ್ಕು ಹಿಡಿದಿದೆಯೆಂದು ಅವರು ಯಾರನ್ನೂ ಎಸೆದದ್ದನ್ನು ನಾನು ಕಂಡಿಲ್ಲ. ಅವರು ಮೊದಲು ನೋಡುವುದು ಅಲಗಿನ ಬುಡವನ್ನು."

"ಅಯ್ಯೋ, ನನಗೆ ಬುಡದಲ್ಲೇ ಕಪ್ಪು ಹೆಚ್ಚು! ಅಣ್ಣಾ, ಮೊದಲು ಅಲ್ಲಿ ಉಜ್ಜು."

"ಇಲ್ಲೇನೋ ತರಿತರಿ ಇದೆಯಲ್ಲ?" ಎಂದಿತು ಉಪ್ಪುಕಾಗದ.

"ಅದನ್ನೂ ಬಿಡಬೇಡ. ಬೇಗ, ಹೆಜ್ಜೆ ಸಪ್ಪಳ ಕೇಳುತ್ತಿದೆ!"

"ಅದು ತುಕ್ಕಲ್ಲ, ನಿನ್ನನ್ನು ಮಾಡಿದವರ ಮುದ್ರೆ!" ಎಂದು ಭೂತಗನ್ನಡಿ ಕೂಗುವಷ್ಟರಲ್ಲಿ ಬುಡ ನುಣುಪಾಗಿತ್ತು.

ಕಾವೇರಪ್ಪನವರು ಭೂತಗನ್ನಡಿ ಹಿಡಿದು ಅಲಗಿನ ಬುಡವನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಯಾರು ಮಾಡಿದ್ದೋ ಏನೋ" ಎಂದು ಅವರು ನಿಟ್ಟುಸಿರುಬಿಟ್ಟು, ಗುರುತು ಸಿಗದ ಚಾಕುಗಳ ಡಬ್ಬಕ್ಕೆ ಅದನ್ನು ಹಾಕಿದರು.

ಡಬ್ಬದೊಳಗಿದ್ದವೆಲ್ಲ ಬುಡದವರೆಗೂ ಥಳಥಳ ಹೊಳೆಯುತ್ತಿದ್ದವು. ಇದೂ ಸೇರಿ ಹದಿನಾಲ್ಕು.