ಲಕ್ಕಿಪೊದೆಯೊಳಗಿನ ನೆಲ್ಲಿ

ಒಂದಾನೊಂದು ಕಾಲದಲ್ಲಿ, ಅಂದರೆ ನನ್ನ ಅಜ್ಜಿಯ ಅಜ್ಜಿಯೂ ಹುಟ್ಟಿರದ ಕಾಲದಲ್ಲಿ ಕಂದಾ, ಗುಡ್ಡದ ಮೇಲೊಂದು ಹಟ್ಟಿ ಇತ್ತಂತೆ. ಕೂಸು ಹುಟ್ಟಿದರೆ ಹೊಕ್ಕುಳಬಳ್ಳಿ ಹೂತು, ಅದರ ಮೇಲೆ ನೆಲ್ಲಿಸಸಿ ನೆಡೋದು ಅಲ್ಲಿಯ ಪದ್ಧತಿ. ಸಸಿ ಚಿಗುರಿದ ಮೇಲೇ ಕೂಸಿಗೆ ಹೆಸರು. ಹೆಸರಿಲ್ಲದ ಕೂಸು ಹಟ್ಟಿಯದಲ್ಲ, ಅಂದರೆ ತಾಯಿ ಬಿಟ್ಟು ಬೇರೆ ಯಾರೂ ಅದನ್ನು ಎತ್ತಿಕೊಳ್ಳೋ ಹಾಗಿಲ್ಲ, ತಿಳೀತಾ?

ಆ ಸೀಮೆಯ ದೊರೆ ಕಡಲಾಚೆಯಿಂದ ಉದ್ದ ಕಿವಿಯ ಆಡು ತರಿಸಿ ಗುಡ್ಡಕ್ಕೆ ಬಿಟ್ಟನಂತೆ. ಯಾಕೆ? ನೋಡೋಕೆ ಚೆಂದ ಅಂತ. ಅಷ್ಟೇ. ನೆನೆದರೆ ಈಗಲೂ ನನ್ನ ಮೈ ಉರಿಯುತ್ತೆ. ಅವು ಮೇದವು, ಮೇದವು, ಎಳೇ ಗಿಡ ಒಂದೂ ಉಳೀಲಿಲ್ಲ. ಆಡಿನ ಮೇಲೆ ಸಿಟ್ಟಿಲ್ಲ ಕಂದಾ, ಅದಕ್ಕೆ ಹಸಿವು. ತಂದು ಬಿಟ್ಟವನಿಗೇನಾಗಿತ್ತು ರೋಗ?

ಆಗಲೇ ಸಿರಿಯವ್ವ ಅನ್ನೋಳು ಹೆಣ್ಣುಕೂಸು ಹೆತ್ತಳಂತೆ. ಸಸಿ ನೆಟ್ಟು ಸುತ್ತ ಕಲ್ಲು ಪೇರಿಸಿದಳು, ಆಡು ಹಾರಿ ಬಂದು ತಿಂದವು. ಆಮೇಲೆ ಇನ್ನೊಂದು ನೆಟ್ಟು ಜಾಲಿಮುಳ್ಳು ಹೊದಿಸಿದಳು, ಮುಳ್ಳಿನ ಸಮೇತ ತಿಂದವು. ಆಮೇಲೆ ಕೂಸನ್ನು ಕಂಕುಳಲ್ಲಿಟ್ಟುಕೊಂಡು ದೊರೆಯ ಬಾಗಿಲಿಗೆ ಹೋದರೆ, ಅವನು ನಕ್ಕು, ಒಂದು ಸೊಪ್ಪಿಗೆ ಇಷ್ಟು ಗೋಳೇ ಅಂದನಂತೆ.

ಕುದಿಯುತ್ತಾ ಬೋಳುಗುಡ್ಡ ಹತ್ತಿ ಬರುವಾಗ ನೋಡುತ್ತಾಳೆ, ಲಕ್ಕಿಗಿಡ ಮಾತ್ರ ಸೊಂಪಾಗಿದೆ. ಲಕ್ಕಿ ಕಹಿ, ವಾಸನೆ ಬೇರೆ, ಅದಕ್ಕೇ ಆಡು ಮೂಸಿ ಮುಖ ತಿರುಗಿಸುತ್ತಿದ್ದವು. ನಮ್ಮವರೂ ಕಡಿಮೆಯಿಲ್ಲ ಕಂದಾ. ಸಸಿ ನೆಡುವ ನೆಲ ಶುದ್ಧವಾಗಬೇಕು ಅಂತ ಇದೇ ಲಕ್ಕಿಯನ್ನು ಬೇರು ಸಮೇತ ಕಿತ್ತು, ಗುಡಿಸಿ ಸಾರಿಸುತ್ತಿದ್ದರು. ಸಿರಿಯವ್ವ ಏನೂ ಕೀಳಲಿಲ್ಲ. ಹೊಕ್ಕುಳಬಳ್ಳಿ ಹೂತಲ್ಲಿಂದ ಮಣ್ಣು ತಂದು ಹಾಕಿ, ಮೂರನೇ ಸಸಿಯನ್ನು ಪೊದೆಯೊಳಗೇ ನೆಟ್ಟಳಂತೆ.

ಅತ್ತೆ ಬಂದು, ಕಸದೊಳಗೆ ಮಗಳ ಸಸಿ ನೆಡ್ತೀಯಲ್ಲೇ ಹುಚ್ಚಿ, ಅಂದಳು. ನೆಲ ಸಾರಿಸಿ ಆಡಿಗೆ ಎಲೆ ಹಾಕಿ ಬಡಿಸಿದ್ದು ಸಾಕು ಅತ್ತೆ, ಅಂದಳಂತೆ ಇವಳು.

ಆಡು ಬಂದವು, ಮೂಸಿದವು, ಹೋದವು. ಅದನ್ನು ನೋಡಿ ಹಟ್ಟಿಯವರೆಲ್ಲ ತಮ್ಮ ಸಸಿಗಳನ್ನು ಲಕ್ಕಿಯೊಳಗೆ ಬಚ್ಚಿಟ್ಟರು. ಆಮೇಲೆ ಹಸಿದ ಆಡು ಗುಡ್ಡ ಇಳಿದು ದೊರೆಯ ತೋಟಕ್ಕೇ ನುಗ್ಗಿ, ಮಲ್ಲಿಗೆ ತಿಂದು, ಬಾಳೆ ತಿಂದು, ಅವನು ಊಟವಾದ ಮೇಲೆ ಮೆಲ್ಲುವ ವೀಳ್ಯದ ಬಳ್ಳಿಯನ್ನೂ ನೆಲಕ್ಕೆ ಎಳೆದವಂತೆ. ದೊರೆ ಎದೆ ಬಡಿದುಕೊಂಡು ಹೊರಗೆ ಬಂದರೆ ಬೇಲಿಯಾಚೆ ಸಿರಿಯವ್ವ ನಿಂತಿದ್ದಳು. ಒಂದು ಸೊಪ್ಪಿಗೆ ಇಷ್ಟು ಗೋಳೇ ದೊರೆ, ಅಂದಳಂತೆ.

ಅವತ್ತೇ ದೊಡ್ಡಿ ಕಟ್ಟಿಸಿದ. ಆಡು ಒಳಗೆ ಸೇರಿದವು, ಮೇವು ಹೊರುವ ಕೆಲಸ ದೊರೆಯ ಆಳುಗಳ ಪಾಲಿಗೆ ಬಂತು.

ನೆಲ್ಲಿ ಚಿಗುರಿತು. ಕೂಸಿಗೆ ಸಸಿ ಕಾದ ಲಕ್ಕಿಯ ಹೆಸರನ್ನೇ ಇಟ್ಟರು, ಲಕ್ಕವ್ವ ಅಂತ. ಅವತ್ತು ಅದು ಕೈಯಿಂದ ಕೈಗೆ ಹೋಗಿ ಹಟ್ಟಿಯನ್ನೆಲ್ಲ ಸುತ್ತಿ ಬಂತಂತೆ, ಮೊದಲು ಎತ್ತಿಕೊಂಡವಳು ಆ ಅತ್ತೆಯೇ.

ಕತೆ ಮುಗೀತು ಕಂದಾ, ನನ್ನ ಸಿಟ್ಟು ಮುಗೀಲಿಲ್ಲ. ನೀನು ಮಲಗು.